ನರಬಂಧ: ಅರ್ಬುದವೇದನೆಯ ಉಪಶಮನದ ಇತಿಹಾಸ

ಬಸವಕಲ್ಯಾಣದ ಹೆಸರನ್ನು ಕೇಳಿದೊಡನೆ ಕನ್ನಡಿಗರ ಮನಸ್ಸು ಚಾಲುಕ್ಯರ ರಾಜಸಭೆಗೂ ಶರಣರ ಅನುಭವಮಂಟಪಕ್ಕೂ ಹರಿಯುವುದು ಸಹಜ. ಆದರೆ ಈ ಪುರಾತನ ರಾಜಧಾನಿಗೆ ನಮ್ಮ ವೈದ್ಯವಾಙ್ಮಯದಲ್ಲಿಯೂ ಒಂದು ಸ್ಥಾನವುಂಟೆಂಬುದನ್ನು ನೆನೆಯುವವರು ವಿರಳ. ಕಲ್ಯಾಣದ ಚಾಲುಕ್ಯವಂಶದ ರಾಜಪುತ್ರನೂ ಆರನೆಯ ವಿಕ್ರಮಾದಿತ್ಯನ ಸೋದರನೂ ಆದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ತನ್ನ ನೋವು ಇಂಥದೆಂದು ಬಾಯಿಬಿಟ್ಟು ಹೇಳಲಾರದ ಪಶುವಿನ ರೋಗಕ್ಕೆ ಮದ್ದನ್ನು ಹುಡುಕಿದ ಕೃತಿಯದು. ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಸನು ನಡೆಸಬೇಕಾದ ಕಾರ್ಯಗಳ ನಡುವೆ ರೋಗಾರ್ತರ ಉಪಚಾರಕ್ಕೂ ಎಡೆ ದೊರೆತಿದೆ. ಶರಣರ ಗೋಷ್ಠಿಯಲ್ಲಿ ವೈದ್ಯ ಸಂಗಣ್ಣನಿದ್ದನು. ಅವನು ಭವರೋಗದ ಮಾತನ್ನು ಆಡುವಾಗಲೂ ನಾಡಿ, ಔಷಧ, ಪಥ್ಯಗಳೆಂಬ ತನ್ನ ಕಾಯಕದ ಮಾತುಗಳನ್ನೇ ಬಳಸಿದನು.

ಇಂಥ ನಾಡಿನಲ್ಲಿ ಒಂದು ಹಳೆಯ ಪ್ರಶ್ನೆಯನ್ನು ಮತ್ತೆ ಕೇಳುವುದು ಅನುಚಿತವಾಗಲಾರದು. ರೋಗವು ವಾಸಿಯಾಗುವುದಿಲ್ಲವೆಂದು ನಿಶ್ಚಯವಾದ ಮೇಲೆ ವೈದ್ಯನ ಕರ್ತವ್ಯವೇನು? ಆಯುರ್ವೇದವು ರೋಗಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯಗಳೆಂದು ವಿಭಾಗಿಸುತ್ತದೆ. ಗುಣವಾಗತಕ್ಕದ್ದು ಸಾಧ್ಯ, ಗುಣವಾಗದಿದ್ದರೂ ಔಷಧದ ಬಲದಿಂದ ಕಾಲವನ್ನು ನೂಕಬಹುದಾದದ್ದು ಯಾಪ್ಯ, ಎರಡಕ್ಕೂ ಎಟುಕದ್ದು ಅಸಾಧ್ಯ. ಅಸಾಧ್ಯರೋಗವನ್ನು ಕೈಗೆತ್ತಿಕೊಂಡ ವೈದ್ಯನಿಗೆ ಧನ, ವಿದ್ಯೆ, ಕೀರ್ತಿ ಮೂರರಲ್ಲಿಯೂ ಹಾನಿಯುಂಟೆಂದು ಚರಕಸಂಹಿತೆಯು ಎಚ್ಚರಿಸಿದೆ. ಆ ಎಚ್ಚರಿಕೆಗೆ ಅದರ ಕಾಲದಲ್ಲಿ ಕಾರಣವಿದ್ದಿರಬೇಕು. ಆದರೆ ವೈದ್ಯನು ಎದ್ದು ಹೋದ ಮೇಲೂ ರೋಗಿಯು ಹಾಸಿಗೆಯಲ್ಲಿಯೇ ಇರುತ್ತಾನೆ, ಅವನ ನೋವೂ ಅಲ್ಲಿಯೇ ಇರುತ್ತದೆ. ಆ ಹಾಸಿಗೆಯ ಬಳಿಗೆ ವೈದ್ಯನು ಮರಳಿ ಬಂದ ಕಥೆಯೇ ನರಬಂಧಚಿಕಿತ್ಸೆಯ ಇತಿಹಾಸ. ನೋವನ್ನು ಮಿದುಳಿಗೆ ಒಯ್ಯುವ ನರದ ಬಳಿಗೆ ಸೂಜಿಯಿಂದ ಮದ್ದನ್ನು ಹಾಕಿ, ಆ ದಾರಿಯನ್ನು ಕೆಲಕಾಲ ಕಟ್ಟಿಬಿಡುವ ಈ ಉಪಾಯವನ್ನು ಆಸ್ಪತ್ರೆಗಳಲ್ಲಿ ‘ನರ್ವ್ ಬ್ಲಾಕ್’ ಎನ್ನುತ್ತಾರೆ. ಅರ್ಬುದದ, ಅಂದರೆ ಜನರು ಕ್ಯಾನ್ಸರ್ ಎಂದು ಕರೆಯುವ ಏಡಿಗಂತಿಯ, ತೀರದ ನೋವಿಗೆ ಅದು ಹೇಗೆ ಒದಗಿತು, ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದೇ ಇಲ್ಲಿಯ ವಿಚಾರ.

ಸುಶ್ರುತಸಂಹಿತೆಯು ಅರ್ಬುದದ ಲಕ್ಷಣವನ್ನು ಹೇಳುವಲ್ಲಿ, ಅದು ದುಂಡಗೆ, ಅಲುಗದೆ, ಆಳವಾಗಿ ಬೇರೂರಿ, ಮೆಲ್ಲಗೆ ಬೆಳೆಯುವ, ಕೀವುಗಟ್ಟದ ಗಂಟೆಂದು ವಿವರಿಸುತ್ತದೆ. ಅದರ ನೋವು ಮಂದವೆಂದೂ ಹೇಳುತ್ತದೆ. ಈ ಮಾತಿನಲ್ಲಿ ಪ್ರಾಚೀನರ ಸೂಕ್ಷ್ಮದೃಷ್ಟಿ ಕಾಣುತ್ತದೆ. ಬಾಯಿಯ ಅರ್ಬುದವಾಗಲಿ ಗರ್ಭಕೋಶದ ಕೊರಳಿನ ಅರ್ಬುದವಾಗಲಿ ಮೊದಲಲ್ಲಿ ಬಹುಮಟ್ಟಿಗೆ ನೋಯುವುದಿಲ್ಲ. ನೋಯದ ಗಂಟಿಗಾಗಿ ಹೊಲದ ಕೆಲಸವನ್ನು ಬಿಟ್ಟು ಊರಿಂದೂರಿಗೆ ಹೋಗುವವರು ಯಾರು? ಹೀಗೆ ದಿನಗಳು ಕಳೆದು, ಗಂಟು ಎಲುಬನ್ನೂ ನರವನ್ನೂ ಒತ್ತತೊಡಗಿದಾಗ ಮಂದವಾಗಿದ್ದ ನೋವು ತೀಕ್ಷ್ಣವಾಗುತ್ತದೆ. ಮುಂದುವರಿದ ಅವಸ್ಥೆಯಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ನೋವನ್ನು ಅನುಭವಿಸುತ್ತಾರೆಂಬುದು ಈಚಿನ ಪರಿಶೀಲನೆಗಳಿಂದ ವಿದಿತವಾಗಿದೆ.

ಅದೇ ಸಂಹಿತೆಯು ದೇಹದಲ್ಲಿ 107 ಮರ್ಮಗಳನ್ನು ಎಣಿಸಿ, ಅವುಗಳಲ್ಲಿ 8ನ್ನು ರುಜಾಕರ, ಅಂದರೆ ಪೆಟ್ಟಾದರೆ ವಿಶೇಷವಾಗಿ ನೋವನ್ನುಂಟುಮಾಡುವವು, ಎಂದು ಬೇರ್ಪಡಿಸಿದೆ. ವೇದನೆಯನ್ನು ತಾಳಲಾರದವನಿಗೆ ಶಸ್ತ್ರಕರ್ಮಕ್ಕೆ ಮುಂಚೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದೂ, ಕೆಲವು ಬಗೆಯ ಉಗ್ರವೇದನೆಗೆ ಅಗ್ನಿಕರ್ಮವನ್ನು ಮಾಡಬೇಕೆಂದೂ ವಿಧಿಸಿದೆ. ಇವನ್ನು ಹಿಡಿದುಕೊಂಡು ನರಬಂಧವೂ ನಮ್ಮಲ್ಲಿ ಮೊದಲೇ ಇತ್ತೆಂದು ವಾದಿಸುವುದು ಸರಿಯಲ್ಲ. ನೋವಿಗೆ ನೆಲೆಯುಂಟು, ನೋವನ್ನು ರೋಗದಿಂದ ಬೇರ್ಪಡಿಸಿ ಚಿಕಿತ್ಸೆ ಮಾಡಬಹುದು ಎಂಬ ಎರಡು ತಿಳಿವಳಿಕೆಗಳು ಮಾತ್ರ ಇದ್ದವು. ನೋವು ಹೋಗುವ ದಾರಿಯನ್ನು ಹಿಡಿದು ಕಟ್ಟುವ ಸಾಧನವು ಇನ್ನೂ ದೊರೆತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ವೇದನೆಯನ್ನು ಗೆಲ್ಲುವ ಪ್ರಯತ್ನದ ಒಂದು ಮುಖ್ಯ ಪ್ರಕರಣವು ಈ ಸೀಮೆಯ ಸಮೀಪದಲ್ಲಿಯೇ ನಡೆಯಿತು. ಆಗ ಕಲ್ಯಾಣಿಯೆಂದು ಕರೆಯಲ್ಪಡುತ್ತಿದ್ದ ಬಸವಕಲ್ಯಾಣವೂ ಹುಮನಾಬಾದೂ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದ ರಾಜಧಾನಿಯಲ್ಲಿ 1846ರಲ್ಲಿ ವೈದ್ಯಶಾಲೆಯು ಸ್ಥಾಪಿತವಾಗಿತ್ತು. ಅದರ ಮುಖ್ಯಸ್ಥನೂ ರೆಸಿಡೆನ್ಸಿಯ ಶಸ್ತ್ರವೈದ್ಯನೂ ಆಗಿದ್ದ ಎಡ್ವರ್ಡ್ ಲಾರಿಯು, ರೋಗಿಯ ಉಸಿರನ್ನು ನೋಡಿಕೊಂಡರೆ ಕ್ಲೋರೋಫಾರ್ಮಿನಿಂದ ಅಪಾಯವಿಲ್ಲವೆಂದು ದೃಢವಾಗಿ ನಂಬಿದ್ದನು. ಇದನ್ನು ಪರೀಕ್ಷಿಸುವುದಕ್ಕಾಗಿ 1888ರಲ್ಲಿಯೂ 1889ರಲ್ಲಿಯೂ ಎರಡು ಕ್ಲೋರೋಫಾರ್ಮ್ ಆಯೋಗಗಳು ಹೈದರಾಬಾದಿನಲ್ಲಿ ನೇಮಕವಾದವು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ದ್ರವ್ಯಸಹಾಯವನ್ನಿತ್ತರು; ಎರಡನೆಯ ಆಯೋಗಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ವಿದ್ವಾಂಸನು ಬಂದನು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗಗಳು ನಡೆದು, ಅವುಗಳ ವರದಿಯು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಲೋರೋಫಾರ್ಮ್ ಹೃದಯವನ್ನು ನೇರವಾಗಿ ನಿಲ್ಲಿಸುವುದಿಲ್ಲವೆಂಬ ಅವರ ಸಿದ್ಧಾಂತವನ್ನು 1911ರಲ್ಲಿ ಗುಡ್‌ಮನ್ ಲೆವಿಯ ಪ್ರಯೋಗಗಳು ಅಲ್ಲಗಳೆದವು. ಸಿದ್ಧಾಂತವು ಬಿದ್ದುಹೋದರೂ ಆ ಶಾಲೆಯ ಒಂದು ಕೀರ್ತಿ ಉಳಿದಿದೆ. ಅಲ್ಲಿ 1889ರಲ್ಲಿ ವೈದ್ಯಪದವಿಯನ್ನು ಪಡೆದ ರೂಪಾಬಾಯಿ ಫರ್ದೂನ್‌ಜಿಯವರು ಜಗತ್ತಿನ ಮೊದಲ ಮಹಿಳಾ ಅರಿವಳಿಕೆತಜ್ಞರಲ್ಲಿ ಒಬ್ಬರೆಂದು ಗಣಿಸಲ್ಪಟ್ಟಿದ್ದಾರೆ.

ಆದರೆ ಕ್ಲೋರೋಫಾರ್ಮ್ ಶಸ್ತ್ರಚಿಕಿತ್ಸೆಯ ಒಂದೆರಡು ಘಳಿಗೆಗೆ ತಕ್ಕದ್ದು. ಅದು ನೋವನ್ನು ಕಳೆಯುವಾಗ ಎಚ್ಚರವನ್ನೂ ಕಳೆಯುತ್ತದೆ. ತಿಂಗಳುಗಟ್ಟಲೆ ನೋಯುವವನನ್ನು ತಿಂಗಳುಗಟ್ಟಲೆ ಮೂರ್ಛೆಯಲ್ಲಿಡುವುದು ಚಿಕಿತ್ಸೆಯಲ್ಲ. ಅವನು ಎಚ್ಚರವಾಗಿದ್ದು, ಉಂಡು, ಮಾತನಾಡಿ, ಮಕ್ಕಳ ಮುಖವನ್ನು ನೋಡುತ್ತಿರಬೇಕು. ನೋವು ಮಾತ್ರ ಹೋಗಬೇಕು. ಇದಕ್ಕೆ ಬೇರೆ ಉಪಾಯವೇ ಬೇಕಾಗಿತ್ತು. ಅದರ ಬೀಜವು ದಕ್ಷಿಣ ಅಮೆರಿಕೆಯ ಒಂದು ಗಿಡದ ಎಲೆಯಲ್ಲಿತ್ತು.

ಕೋಕಾ ಗಿಡದ ಎಲೆಯಿಂದ ಕೊಕೇನ್ ಎಂಬ ಸತ್ತ್ವವನ್ನು ಜರ್ಮನಿಯ ಆಲ್ಬರ್ಟ್ ನೀಮನ್ 1860ರ ಹೊತ್ತಿಗೆ ಬೇರ್ಪಡಿಸಿದನು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಎಂಬ ತರುಣ ವೈದ್ಯನು ಅದರ ಹನಿಗಳನ್ನು ಕಣ್ಣಿಗೆ ಹಾಕಿದರೆ ಕಣ್ಣು ನೋವರಿಯದೆ ಶಸ್ತ್ರವನ್ನು ಸಹಿಸುವುದೆಂದು ತೋರಿಸಿದನು. ಸ್ವಲ್ಪ ಕಾಲದಲ್ಲಿಯೇ ನ್ಯೂಯಾರ್ಕಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಮತ್ತು ರಿಚರ್ಡ್ ಹಾಲ್ ಎಂಬವರು ಕೊಕೇನನ್ನು ನರದ ಬುಡಕ್ಕೇ ಸೂಜಿಯಿಂದ ಹಾಕಿ, ಆ ನರವು ವ್ಯಾಪಿಸಿದ ಭಾಗವೆಲ್ಲ ಜಡವಾಗುವುದನ್ನು ಕಂಡರು. ಬೀಳುವ ನೀರನ್ನು ಗದ್ದೆಯಲ್ಲಿ ತಡೆಯುವುದಕ್ಕಿಂತ ಕಾಲುವೆಯ ಬಾಯಲ್ಲಿ ತಡೆಯುವುದು ಸುಲಭವಷ್ಟೆ. ನರಬಂಧದ ತತ್ತ್ವವು ಹೀಗೆ ಹುಟ್ಟಿತು. ತಮ್ಮ ಮೇಲೆಯೇ ಪ್ರಯೋಗಗಳನ್ನು ಮಾಡಿಕೊಂಡ ಆ ಇಬ್ಬರೂ ಕೊಕೇನಿನ ಚಟಕ್ಕೆ ಬಲಿಬಿದ್ದುದು ಈ ಜ್ಞಾನಕ್ಕೆ ತೆತ್ತ ಬೆಲೆ. 1898ರಲ್ಲಿ ಕೀಲ್ ನಗರದ ಆಗಸ್ಟ್ ಬಿಯರ್ ಬೆನ್ನುಹುರಿಯ ಸುತ್ತಣ ದ್ರವಕ್ಕೆ ಮದ್ದನ್ನು ಸೇರಿಸಿ ಕೆಳಮೈಯನ್ನು ಜಡಗೊಳಿಸಿದನು. ಮುಂದೆ ಐನ್‌ಹಾರ್ನನ ಪ್ರೊಕೇನ್, ಆಮೇಲೆ 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಸಿದ್ಧಪಡಿಸಿದ ಲಿಗ್ನೋಕೇನ್ ಬಂದು, ಕೊಕೇನಿನ ಅಪಾಯವು ಹಿಂದೆ ಸರಿಯಿತು.

ಈ ಮದ್ದುಗಳ ಪ್ರಭಾವವು ಕೆಲವು ಘಂಟೆಗಳದು ಮಾತ್ರ. ಅರ್ಬುದದ ನೋವಿಗೆ ತಿಂಗಳುಗಳ ತಡೆ ಬೇಕು. ಅದಕ್ಕಾಗಿ ವೈದ್ಯರು ನರತಂತುವನ್ನೇ ಕೆಡಿಸುವ ದ್ರವ್ಯಗಳ ಮೊರೆಹೊಕ್ಕರು. 1903ರಲ್ಲಿ ಶ್ಲೋಸರ್ ಎಂಬವನು ಮುಖದ ನರಶೂಲೆಗೆ ಶುದ್ಧ ಮದ್ಯಸಾರವನ್ನು ನರದೊಳಗೆ ಹಾಕಿದನು. ಶಸ್ತ್ರಕ್ಕೆ ಮುಂಚೆ ಕುಡಿಯಲು ಸುಶ್ರುತನು ವಿಧಿಸಿದ ಮದ್ಯದ ಸಾರವೇ ಈಗ ಸೂಜಿಯ ತುದಿಯಿಂದ ನರವನ್ನು ಮುಟ್ಟಿತು. 1931ರಲ್ಲಿ ಇಟಲಿಯ ದೋಲ್ಯೋತ್ತಿ ಅದನ್ನು ಬೆನ್ನುಹುರಿಯ ದ್ರವದಲ್ಲಿ ಪ್ರಯೋಗಿಸಿದನು; 1955ರಲ್ಲಿ ಇಂಗ್ಲೆಂಡಿನ ಮಾಹೆರ್, ವಾಸಿಯಾಗದ ಅರ್ಬುದದ ನೋವಿಗೆ ಅದೇ ಸ್ಥಾನದಲ್ಲಿ ಫೀನಾಲನ್ನು ಬಳಸಿದನು. 1914ರಲ್ಲಿ ಜರ್ಮನಿಯ ಮ್ಯಾಕ್ಸ್ ಕಾಪಿಸ್ ಹೊಟ್ಟೆಯ ಶಸ್ತ್ರಚಿಕಿತ್ಸೆಗೆಂದು ಬೆನ್ನಿನ ಕಡೆಯಿಂದ ಸೂಜಿಯನ್ನು ಹಾಕಿ ಒಡಲಿನ ನರಗಳನ್ನು ತಡೆಯುವ ಮಾರ್ಗವನ್ನು ವರ್ಣಿಸಿದ್ದನು. ಐವತ್ತು ವರ್ಷಗಳ ತರುವಾಯ, 1964ರಲ್ಲಿ, ಅಮೆರಿಕೆಯ ಬ್ರೈಡನ್‌ಬಾ, ಮೂರ್, ಕ್ಯಾಂಬೆಲ್ ಎಂಬವರು ಆ ಮಾರ್ಗದಿಂದಲೇ ಮದ್ಯಸಾರವನ್ನು ಹಾಕಿ ಮೇಲ್ಹೊಟ್ಟೆಯ ಅರ್ಬುದದ ನೋವನ್ನು ತಗ್ಗಿಸಿದ ಅನುಭವವನ್ನು ಪ್ರಕಟಿಸಿದರು. ಕುಸ್ತಿಯ ಕಣದಿಂದ ವೈದ್ಯವೃತ್ತಿಗೆ ಬಂದ ಜಾನ್ ಬೋನಿಕಾ 1953ರಲ್ಲಿ ವೇದನೆಯ ನಿರ್ವಹಣೆಯನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದು, ನೋವೆಂಬುದು ರೋಗದ ನೆರಳು ಮಾತ್ರವಲ್ಲ, ತಾನೇ ಚಿಕಿತ್ಸೆಗೆ ಅರ್ಹವಾದ ವಿಷಯವೆಂದು ಸ್ಥಾಪಿಸಿದ್ದನು.

ಈ ಕ್ರಿಯೆಯ ಸ್ವರೂಪವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ವಪೆಯ ಕೆಳಗೆ, ಬೆನ್ನೆಲುಬಿನ ಮುಂದೆ, ಎದೆಯ ಕಡೆಯ ಮಣಿ ಹಾಗೂ ಸೊಂಟದ ಮೊದಲ ಮಣಿಗಳ ಮಟ್ಟದಲ್ಲಿ, ಮಹಾಧಮನಿಯನ್ನು ಬಳಸಿಕೊಂಡು ಒಂದು ನರಜಾಲವಿದೆ. ಜಠರ, ಯಕೃತ್ತು, ಪಿತ್ತಕೋಶ, ಮೇದೋಜೀರಕಾಂಗ, ಕರುಳಿನ ಬಹುಭಾಗ ಇವುಗಳ ನೋವೆಲ್ಲ ಈ ಜಾಲವನ್ನು ಹಾದೇ ಮೇಲೆ ಹೋಗಬೇಕು. ರೋಗಿಯನ್ನು ಬೋರಲಾಗಿ ಮಲಗಿಸಿ, ಚರ್ಮವನ್ನು ಜಡಗೊಳಿಸಿ, ಬೆನ್ನಿನ ಎರಡೂ ಬದಿಗಳಿಂದ ಉದ್ದವಾದ ತೆಳು ಸೂಜಿಗಳನ್ನು ಒಳಗೆ ಬಿಡುತ್ತಾರೆ. ಸೂಜಿಯ ತುದಿ ಎಲ್ಲಿದೆಯೆಂಬುದನ್ನು ಕ್ಷ-ಕಿರಣದ ತೆರೆಯ ಮೇಲೆ ನೋಡುತ್ತಾರೆ. ತೆರೆಯಲ್ಲಿ ಕಾಣುವ ಒಂದು ದ್ರವವನ್ನು ಹಾಕಿ ಅದು ಸರಿಯಾದೆಡೆಯಲ್ಲಿ ಹರಡುವುದನ್ನು ಖಚಿತಪಡಿಸಿಕೊಳ್ಳುತ್ತಾರೆ. ಆಮೇಲೆ ಮೊದಲು ಜಡಗೊಳಿಸುವ ಮದ್ದು, ಅನಂತರ ಮದ್ಯಸಾರ ಅಥವಾ ಫೀನಾಲ್. ಗರ್ಭಕೋಶ ಮೊದಲಾದ ಕಿಬ್ಬೊಟ್ಟೆಯ ಅಂಗಗಳ ನೋವಿಗೆ ಸೊಂಟದ ಕೆಳಗಣ ಇನ್ನೊಂದು ನರಜಾಲವನ್ನು ತಡೆಯುವ ವಿಧಾನವನ್ನು ಮೆಕ್ಸಿಕೋದ ಪ್ಲಂಕಾರ್ತೆ 1990ರಲ್ಲಿ ಪ್ರಕಟಿಸಿದನು. ತಂಬಾಕು ತಿನ್ನುವ ರೂಢಿಯುಳ್ಳ ನಮ್ಮ ನಾಡಿನಲ್ಲಿ ಹೆಚ್ಚಾಗಿ ಕಾಣುವ ಬಾಯಿ, ದವಡೆ, ನಾಲಿಗೆಗಳ ಅರ್ಬುದಕ್ಕೆ ಮುಖದ ನರದ ಕವಲುಗಳನ್ನೇ ತಡೆಯುತ್ತಾರೆ.

ಇಷ್ಟರಿಂದ ಇದು ಸರ್ವರೋಗನಿವಾರಕವಾದ ಸಿದ್ಧೌಷಧವೆಂದು ಭಾವಿಸಬಾರದು. ಕೆಟ್ಟ ನರತಂತು ಮತ್ತೆ ಚಿಗುರುತ್ತದೆ. ಆದ್ದರಿಂದ ಫಲವು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳವರೆಗೆ ಮಾತ್ರ. ಬೇಕಾದಲ್ಲಿ ಮತ್ತೆ ಮಾಡಬಹುದು. ಕೆಲವು ದಿನ ರಕ್ತದ ಒತ್ತಡವು ಇಳಿಯುವುದೂ ಭೇದಿಯಾಗುವುದೂ ಉಂಟು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1986ರಿಂದ 1990ರವರೆಗೆ ನಡೆದ 2,730 ಒಡಲಿನ ನರಬಂಧಗಳಲ್ಲಿ 4 ರೋಗಿಗಳಿಗೆ ಕಾಲುಗಳ ಸ್ವಾಧೀನ ತಪ್ಪಿತೆಂದು ದಾಖಲೆಯಾಗಿದೆ. ಅಪಾಯವು ವಿರಳವಾದರೂ ಸುಳ್ಳಲ್ಲ. ಅದನ್ನು ರೋಗಿಗೆ ಮುಂಚಿತವಾಗಿ ಹೇಳಲೇಬೇಕು. ಅಮೆರಿಕೆಯ ಮೇಯೋ ಕ್ಲಿನಿಕ್ಕಿನ ವೈದ್ಯರು ಮೇದೋಜೀರಕಾಂಗದ ಅರ್ಬುದವುಳ್ಳ 100 ರೋಗಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿ ಮಾಡಿದ, 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನರಬಂಧವಾದವರ ನೋವು ಹೆಚ್ಚು ತಗ್ಗಿತು. ಆಯುಸ್ಸು ಮಾತ್ರ ಹೆಚ್ಚಲಿಲ್ಲ. ಅಂದಮೇಲೆ ಈ ಸೂಜಿಯು ಕಾಲನನ್ನು ತಡೆಯುವುದಿಲ್ಲ, ಕಾಲನು ಬರುವವರೆಗಿನ ದಿನಗಳನ್ನು ಸಹ್ಯಗೊಳಿಸುತ್ತದೆ. ಇನ್ನೊಂದು ಸಂಗತಿಯೂ ಉಂಟು. ಗಂಟು ಬೆಳೆದು ನರಜಾಲವನ್ನೇ ಮುತ್ತಿಕೊಂಡರೆ ಮದ್ದು ಹರಡಲು ಎಡೆಯಿರುವುದಿಲ್ಲ. ಕಟ್ಟಕಡೆಯ ಉಪಾಯವೆಂದು ಕಾದಿಟ್ಟರೆ ಉಪಾಯವೇ ಕೈಗೆಟುಕದೆ ಹೋಗಬಹುದು.

ಬಹುಪಾಲು ರೋಗಿಗಳಿಗೆ ಸೂಜಿಯ ಅಗತ್ಯವೇ ಬೀಳುವುದಿಲ್ಲವೆಂಬುದನ್ನೂ ಇಲ್ಲಿ ಹೇಳತಕ್ಕದ್ದು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅರ್ಬುದದ ನೋವಿಗೆ ಮೂರು ಮೆಟ್ಟಿಲುಗಳ ಔಷಧಕ್ರಮವನ್ನು ಪ್ರಕಟಿಸಿತು. ಸಾಧಾರಣ ನೋವಿನ ಗುಳಿಗೆಯಿಂದ ಆರಂಭಿಸಿ ಮೇಲೇರಿದರೆ ಕೊನೆಯ ಮೆಟ್ಟಿಲಿನಲ್ಲಿರುವುದು ಅಫೀಮಿನ ಸತ್ತ್ವವಾದ ಮಾರ್ಫಿನ್. ಬಾಯಿಂದಲೇ ಸೇವಿಸಬಹುದಾದ ಈ ಮದ್ದು ಅಗ್ಗವಾದದ್ದು. ಆದರೆ 1985ರಲ್ಲಿ ಮಾದಕದ್ರವ್ಯಗಳ ನಿಗ್ರಹಕ್ಕಾಗಿ ಆದ ಕಾಯಿದೆಯು ಪರವಾನಗಿಗಳ ತೊಡಕಿನಿಂದ ರೋಗಿಯ ಮಾರ್ಫಿನ್ನಿಗೂ ಅಡ್ಡಿಯಾಯಿತು. ದೇಶದಲ್ಲಿ ಅದರ ವೈದ್ಯಕೀಯ ಬಳಕೆಯು ಹನ್ನೆರಡು ವರ್ಷಗಳಲ್ಲಿ ನೂರಕ್ಕೆ 97ರಷ್ಟು ಕುಗ್ಗಿತು. ಅಫೀಮನ್ನು ಬೆಳೆಯುವ ದೇಶದಲ್ಲಿಯೇ ರೋಗಿಗಳು ಅದರ ಸತ್ತ್ವವಿಲ್ಲದೆ ನರಳಿದರು. 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಮನ್ನಣೆ ಪಡೆದ ಆಸ್ಪತ್ರೆಗಳಿಗೆ ಒಂದೇ ಅನುಮತಿಯಿಂದ ಮಾರ್ಫಿನ್ ದೊರೆಯುವ ದಾರಿಯಾಯಿತು. ಔಷಧದಿಂದ ಶಮನವಾಗದ ಅಥವಾ ಔಷಧವನ್ನೇ ತಾಳಲಾರದ ರೋಗಿಗಳಿಗೆ ನರಬಂಧ. ಒಂದು ಇನ್ನೊಂದರ ಪ್ರತಿಸ್ಪರ್ಧಿಯಲ್ಲ.

ಈ ತಿದ್ದುಪಡಿಗಾಗಿ ಬಹುಕಾಲ ಶ್ರಮಿಸಿದವರಲ್ಲಿ ಕೇರಳದ ಅರಿವಳಿಕೆತಜ್ಞರಾದ ಡಾ. ಎಂ. ಆರ್. ರಾಜಗೋಪಾಲರು ಅಗ್ರಗಣ್ಯರು. 1993ರಲ್ಲಿ ಕಲ್ಲಿಕೋಟೆಯಲ್ಲಿ ವೇದನಾಶಮನದ ಸಂಘವನ್ನು ಕಟ್ಟಿದವರಲ್ಲಿ ಅವರೊಬ್ಬರು. ತಮ್ಮ ವೃತ್ತಿಯ ಮೊದಲ ಭಾಗದ ಒಂದು ಪ್ರಸಂಗವನ್ನು ಅವರೇ ಮರೆಮಾಚದೆ ಹೇಳಿದ್ದಾರೆ. ನಾಲಿಗೆಯ ಅರ್ಬುದದಿಂದ ತೀವ್ರವಾಗಿ ನೋಯುತ್ತಿದ್ದ ಅಧ್ಯಾಪಕನೊಬ್ಬನಿಗೆ ಅವರು ದವಡೆಯ ನರಕ್ಕೆ ಮದ್ದನ್ನು ಹಾಕಿದರು. ನೋವು ನಿಂತಿತು. ಮತ್ತೆ ಯಾವಾಗ ಬರಬೇಕೆಂದು ರೋಗಿಯು ಕೇಳಿದಾಗ, ಇನ್ನು ಬರಬೇಕಾದ ಅಗತ್ಯವಿಲ್ಲವೆಂಬ ಉತ್ತರ ದೊರೆಯಿತು. ರೋಗವು ಗುಣವಾಗತಕ್ಕದ್ದಲ್ಲವೆಂಬುದು ಆತನಿಗೆ ತಿಳಿದುದು ಆಗಲೇ. ಅದೇ ರಾತ್ರಿ ಆತನು ತನ್ನ ಜೀವವನ್ನು ತಾನೇ ಕಳೆದುಕೊಂಡನು. ಸೂಜಿಯು ನರವನ್ನು ಸರಿಯಾಗಿಯೇ ಮುಟ್ಟಿತ್ತು; ಆದರೆ ಆ ಮನುಷ್ಯನನ್ನು ಯಾರೂ ಮುಟ್ಟಿರಲಿಲ್ಲ. ವಾಸಿಯಾಗುವೆನೆಂಬ ಆಸೆಯಿಂದ ಬಂದವನಿಗೆ ಸತ್ಯವನ್ನು ಯಾರೂ ಮೆಲ್ಲಗೆ, ಕೈಹಿಡಿದು ಹೇಳಿರಲಿಲ್ಲ. ನೋವೆಂದರೆ ನರದಲ್ಲಿ ಹರಿಯುವುದಷ್ಟೇ ಅಲ್ಲ, ಭಯವೂ ಏಕಾಂಗಿತನವೂ ಮನೆಯವರ ಚಿಂತೆಯೂ ಅದರಲ್ಲಿ ಕೂಡಿವೆಯೆಂಬ ಅರಿವು ಅಲ್ಲಿಂದ ಅವರ ಕಾರ್ಯದ ತಳಹದಿಯಾಯಿತು.

ಕರ್ನಾಟಕದಲ್ಲಿ 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು ಸ್ಥಾಪಿತವಾಯಿತು. ವಾಸಿಯಾಗದ ಅರ್ಬುದರೋಗಿಗಳಿಗಾಗಿ ಅದೇ ನಗರದಲ್ಲಿ ‘ಕರುಣಾಶ್ರಯ’ವು ಹುಟ್ಟಿತು. ಆದರೆ ಬಸವಕಲ್ಯಾಣದಿಂದ ಬೆಂಗಳೂರಿಗೆ ಆರುನೂರು ಕಿಲೋಮೀಟರಿಗೂ ಮೀರಿದ ದೂರ. 1956ರಲ್ಲಿ ಬೀದರ ಜಿಲ್ಲೆಯು ಕನ್ನಡ ರಾಜ್ಯಕ್ಕೆ ಸೇರಿದರೂ, ಹುಮನಾಬಾದಿನ ಮೇಲೆ ಹಾಯ್ದುಹೋಗುವ ಹೆದ್ದಾರಿಯು ಇಂದಿಗೂ ಒಂದು ಕಡೆ ಸೊಲ್ಲಾಪುರಕ್ಕೂ ಇನ್ನೊಂದು ಕಡೆ ಹೈದರಾಬಾದಿಗೂ ಮುಖಮಾಡಿದೆ. ಹೈದರಾಬಾದಿನಲ್ಲಿ ಎಂ. ಎನ್. ಜೆ. ಅರ್ಬುದ ಆಸ್ಪತ್ರೆ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆ, ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖಾಕೇಂದ್ರ, ಇವು ಈ ಸೀಮೆಗೆ ಹತ್ತಿರದವು. ನರಬಂಧಕ್ಕೆ ಕ್ಷ-ಕಿರಣದ ಯಂತ್ರವೂ ಪಳಗಿದ ಕೈಯೂ ಬೇಕಾದುದರಿಂದ ಅದು ದೊಡ್ಡ ಆಸ್ಪತ್ರೆಯ ಕೆಲಸವಾಗಿಯೇ ಉಳಿದಿದೆ. ಆದರೆ ರೋಗಿಯ ನೋವನ್ನು ಕೇಳಿ ಅಳೆಯುವುದು, ಗುಳಿಗೆಗಳನ್ನು ಹೊತ್ತುಹೊತ್ತಿಗೆ ಕೊಡುವುದು, ಯಾವ ರೋಗಿಗೆ ಸೂಜಿ ಬೇಕಾಗಬಹುದೆಂದು ಗುರುತಿಸಿ ವೇಳೆಯಿರುವಾಗಲೇ ಕಳುಹಿಸುವುದು, ಇವುಗಳಿಗೆ ಯಂತ್ರ ಬೇಕಿಲ್ಲ. ಇವು ತಾಲೂಕಿನಲ್ಲಿಯೂ ಮನೆಯಲ್ಲಿಯೂ ಆಗಬಹುದಾದ ಕೆಲಸಗಳು.

ವಿದ್ಯಾವಂತ ಕುಟುಂಬಗಳಲ್ಲಿಯೂ ಎರಡು ತಪ್ಪು ತಿಳಿವಳಿಕೆಗಳು ಬೇರೂರಿವೆ. ಈ ರೋಗಕ್ಕೆ ನೋವು ಅನಿವಾರ್ಯ, ಅದನ್ನು ಸಹಿಸಿಕೊಳ್ಳುವುದೇ ಧೈರ್ಯ ಎಂಬುದು ಮೊದಲನೆಯದು. ನೋವಿನ ಚಿಕಿತ್ಸೆಗೆ ಒಪ್ಪಿದರೆ ರೋಗಿಯ ಆಸೆಯನ್ನು ಬಿಟ್ಟಂತೆ ಎಂಬುದು ಎರಡನೆಯದು. ಎರಡೂ ನಿಜವಲ್ಲ. ನೋವು ತಗ್ಗಿದ ರೋಗಿಯು ನಿದ್ರೆಮಾಡುತ್ತಾನೆ, ಉಣ್ಣುತ್ತಾನೆ, ಮಿಕ್ಕ ಚಿಕಿತ್ಸೆಯನ್ನೂ ಹೆಚ್ಚು ತಾಳುತ್ತಾನೆ. ಹಿರಿಯರಿಗೆ ರೋಗದ ಹೆಸರನ್ನೇ ಹೇಳದೆ ಮುಚ್ಚಿಡುವ ಮನೆಗಳು, ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದರೂ, ಆ ಅಧ್ಯಾಪಕನ ಕೊನೆಯ ರಾತ್ರಿಯನ್ನು ಒಮ್ಮೆ ನೆನೆಯಬೇಕು.

ರೋಗವು ಸಾಧ್ಯವೋ ಯಾಪ್ಯವೋ ಅಸಾಧ್ಯವೋ ಎಂದು ಶಾಸ್ತ್ರವು ಕೇಳುತ್ತದೆ. ಅದೇ ಪ್ರಶ್ನೆಯನ್ನು ನೋವಿನ ವಿಷಯದಲ್ಲಿ ಬೇರೆಯಾಗಿ ಕೇಳಬೇಕೆಂಬುದೇ ಸುಮಾರು ನೂರನಾಲ್ವತ್ತು ವರ್ಷಗಳ ಈ ಇತಿಹಾಸವು ಕಲಿಸುವ ಪಾಠ. ಏಡಿಗಂತಿಯು ಅಸಾಧ್ಯವೆನಿಸಿದ ದಿನವೂ ಅದರ ನೋವು ಹೆಚ್ಚಾಗಿ ಸಾಧ್ಯವೇ ಆಗಿರುತ್ತದೆ, ಕಡೆಗೆ ಯಾಪ್ಯವಂತೂ ಹೌದು. ಬಾಯಿಲ್ಲದ ಪಶುವಿನ ವೇದನೆಗೂ ಕನ್ನಡದಲ್ಲಿ ಗ್ರಂಥವನ್ನು ಬರೆದ ನಾಡು ಇದು. ಬಾಯಿದ್ದೂ ನೋವನ್ನು ನುಂಗಿಕೊಂಡು ಮಲಗಿರುವವರನ್ನು, ‘ನೋವು ಎಷ್ಟಿದೆ?’ ಎಂದು ಮೊದಲು ಕೇಳುವವರು ಮನೆಯವರೇ ಆಗಬೇಕು.